ಕಂಬಳಿ ಹೊದ್ದ ಕಾರು

"ದೇವರು ನಿನಗೆ ಇಬ್ಬರಿಗಾಗುವಷ್ಟು ಬಾಯಿ ಕೊಟ್ಟ, ಕಿವಿ ಕೊಡೋದನ್ನ ಮರೆತುಬಿಟ್ಟ."

ಗಾಜಿನಂಗಡಿಯವನಿಗೆ ಈ ಮಾತು ಆಡಿದವನು ಅವನ ಹೆಂಡತಿಯ ಅಣ್ಣ, ಕಾರು ರಿಪೇರಿ ಮಾಡುವ ಮೇಸ್ತ್ರಿ. ಆಡಿದ್ದು ತನ್ನ ಗ್ಯಾರೇಜಿನ ಬಾಗಿಲಲ್ಲಿ, ನಾಲ್ಕು ಜನ ಗಿರಾಕಿಗಳ ಎದುರಿಗೆ. ಆ ಗಿರಾಕಿಗಳಲ್ಲಿ ಒಬ್ಬ ಹಲ್ಲು ಕಿರಿದು ನಕ್ಕಿದ್ದ. ಮಾತು ಹಳೆಯದಾಯಿತು, ನಕ್ಕವನು ಊರು ಬಿಟ್ಟು ಹೋದ, ಆದರೂ ಗಾಜಿನಂಗಡಿಯವನ ಹೊಟ್ಟೆಯಲ್ಲಿ ಅದು ಇನ್ನೂ ಜೀರ್ಣವಾಗಿಲ್ಲ. ಇವತ್ತಿಗೂ ಗಾಜಿನ ಮೇಲೆ ಗೆರೆ ಎಳೆಯುವ ಹೊತ್ತಿಗೆ ಅದು ನೆನಪಾದರೆ ಕೈ ತಡೆದು, ಒಂದು ಲೋಟ ನೀರು ಕುಡಿದು, ಆಮೇಲೆ ಕತ್ತರಿಸುತ್ತಾನೆ. ಸಿಟ್ಟಿನಲ್ಲಿ ಎಳೆದ ಗೆರೆಗೆ ಗಾಜು ಮರ್ಯಾದೆ ಕೊಡುವುದಿಲ್ಲ. ನಾವು ಹೇಳಿದ ಕಡೆ ಬಿಟ್ಟು ತನಗೆ ಬೇಕಾದ ಕಡೆ ಸೀಳುತ್ತದೆ.

ಬೀದಿಯವರು ಅವನಿಗೆ ಇಟ್ಟ ಹೆಸರು ಮೆಣಸಿನಕಾಯಿ. ಅದು ಅವನಿಗೆ ಗೊತ್ತಿಲ್ಲ ಎಂದು ಬೀದಿಯವರು ತಿಳಿದಿದ್ದರು. ಕೋಪ ಮೂಗಿನ ತುದಿಯಲ್ಲಿ. ಕೆಳಗೆ ಬೀಳಲು ಒಂದು ನೊಣ ಕೂತರೆ ಸಾಕು. ಶಾಲೆ ಬಿಟ್ಟಿದ್ದೂ ಸಿಟ್ಟಿನಲ್ಲೇ. ಗಾಜಿನ ಕೆಲಸ ಹಿಡಿದದ್ದು ಮಾತ್ರ ಪ್ರೀತಿಯಲ್ಲಿ. ಇಂಥ ಮುಂಗೋಪಿ ಆ ಸೂಕ್ಷ್ಮದ ವಸ್ತುವಿನ ಜೊತೆ ಹೇಗೆ ಬಾಳುತ್ತಾನೋ ಎಂದು ಕೇಳಿದವರಿಗೆ ಅವನ ಹೆಂಡತಿ, "ಗಾಜಿನ ಹತ್ರ ಇಡೀ ದಿನ ತಾಳ್ಮೆ ಖರ್ಚಾಗುತ್ತೆ, ಮನೆಗೆ ಬರೋ ಹೊತ್ತಿಗೆ ಉಳಿಯೋದು ಇದೇ," ಎನ್ನುತ್ತಿದ್ದಳು.

ಅವನ ಕಾರು ಕೆಟ್ಟು ನಿಂತದ್ದು ಸೇತುವೆ ದಾಟಿದ ಮೇಲಿನ ಏರಿನಲ್ಲಿ. ಒಳಗೆ ಹೊಸ ಮನೆಯೊಂದರ ಕಿಟಕಿ ಗಾಜುಗಳಿದ್ದವು. ಮೊದಲು ಸುಟ್ಟ ವಾಸನೆ ಬಂತು. ಅಷ್ಟರಲ್ಲಿ ಕಾರು ಒಮ್ಮೆ ಬೆಚ್ಚಿ, ದಣಿದ ಎತ್ತು ಮೊಣಕಾಲೂರಿದ ಹಾಗೆ ಕೂತುಬಿಟ್ಟಿತು. ಅವನು ಇಳಿದವನೇ ಮೊದಲು ನೋಡಿದ್ದು ಎಂಜಿನ್ ಅಲ್ಲ, ಗಾಜು. ಒಂದರಲ್ಲೂ ಕೂದಲೆಳೆಯ ಬಿರುಕಿರಲಿಲ್ಲ. "ಭಲೇ" ಎಂದು ಕಾರಿನ ಬೆನ್ನು ತಟ್ಟಿದ. ಆಮೇಲೆ ಬಾನೆಟ್ ಎತ್ತಿದ. ಬಿಸಿ ಹೊಗೆ ಮುಖಕ್ಕೆ ರಾಚಿತು.

ಏರಿನ ಕೆಳಗಿದ್ದ ವರ್ಕ್‌ಶಾಪಿನವನು ಬಂದು ಇಣುಕಿದ. "ಎಂಜಿನ್ ಸೀಜ್ ಆಗಿ ಕಚ್ಚಿಕೊಂಡಿದೆ ಸಾರ್. ಎಣ್ಣೆ ಸೋರಿ ಸೋರಿ ಒಳಗೆಲ್ಲ ತಿಂದುಹಾಕಿದೆ. ಎಷ್ಟು ದಿನದಿಂದ ಕಟಕಟ ಅಂತಿತ್ತು?"

"ಕಟಕಟ? ನನ್ನ ಕಾರು ಶಬ್ದಾನೇ ಮಾಡಲ್ಲ."

ವರ್ಕ್‌ಶಾಪಿನವನು ಬಾನೆಟ್ಟಿನ ಒಳಮೈಗೆ ಅಂಟಿಸಿದ್ದ ಕಂಬಳಿ ತುಂಡನ್ನು ನೋಡಿದ. ಬಾಗಿಲ ಸಂದಿಯ ರಬ್ಬರ್ ಪಟ್ಟಿ, ಸೀಟಿನ ಕೆಳಗಿನ ಕಂಬಳಿ, ಮುಂದಿನ ತಗಡಿನ ಹಿಂದೆ ತುರುಕಿದ ಕಂಬಳಿ, ಎಲ್ಲವನ್ನೂ ನೋಡಿದ. "ಕಾರಿಗೆ ಚಳಿ ಆಗುತ್ತಾ ಸಾರ್?" ಎಂದ.

ಇವನು ಕೊಟ್ಟ ಉತ್ತರವನ್ನು ಬರೆಯುವ ಹಾಗಿಲ್ಲ.

ಆ ಕಂಬಳಿಗೆ ಒಂದು ಕಾರಣವಿತ್ತು. ಗಾಜಿನವರು ಗಾಜನ್ನು ಯಾವತ್ತೂ ಮಲಗಿಸಿ ಒಯ್ಯುವುದಿಲ್ಲ, ಅಂಚಿನ ಮೇಲೆ ನಿಲ್ಲಿಸಿ ಒಯ್ಯುತ್ತಾರೆ. ಮಲಗಿದ ಗಾಜು ತನ್ನ ಭಾರಕ್ಕೆ ತಾನೇ ಒಡೆಯುತ್ತದೆ. ನಿಂತ ಗಾಜಿಗೆ ಒಂದೇ ಶತ್ರು, ನಡುಕ. ದಾರಿಯಲ್ಲಿ ಎಲ್ಲೋ ಒಂದು ಕಿರಕಿರ ಸದ್ದಾದರೆ ಗಾಜು ಬಿರಿಯಿತೋ ಬಾಗಿಲು ಅಲುಗಿತೋ ತಿಳಿಯದೆ ಜೀವ ಬಾಯಿಗೆ ಬರುತ್ತದೆ. ಅದಕ್ಕೆ ಅವನು ಕಾರಿನ ಒಂದೊಂದೇ ಶಬ್ದವನ್ನು ಹುಡುಕಿ ಹುಡುಕಿ, ಕಂಬಳಿ ತುರುಕಿ, ಬಾಯಿ ಮುಚ್ಚಿಸಿದ್ದ. ಕೊನೆಗೆ ಆ ಕಾರಿನಲ್ಲಿ ಗಾಜು ಉಸಿರಾಡಿದರೂ ಕೇಳುತ್ತಿತ್ತು. ಎಂಜಿನ್ ಅತ್ತರೆ ಮಾತ್ರ ಕೇಳುತ್ತಿರಲಿಲ್ಲ.

ಕಾರನ್ನು ಹಗ್ಗ ಕಟ್ಟಿ ಎಳೆದು ತಂದು ಮನೆಯ ಮುಂದೆ ನಿಲ್ಲಿಸಿದಾಗ ಸಂಜೆ. ಮಗಳು ಕೆಲಸದಿಂದ ಬರುವ ಹೊತ್ತು. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಪ್ಪನದು ದೊಡ್ಡ ಗಾಜು, ತನ್ನದು ಚಿಕ್ಕ ಗಾಜು ಎಂದು ನಗುತ್ತಿದ್ದಳು. ಕಾರನ್ನು ಕಂಡು ಬ್ಯಾಗ್ ಹೆಗಲಲ್ಲೇ ಇಟ್ಟುಕೊಂಡು ಹಿಂದಿನ ಬಾಗಿಲ ಹತ್ತಿರ ಹೋಗಿ, ಪಕ್ಕದ ಕಿಟಕಿಯ ಮೇಲೆ ಬೆರಳಾಡಿಸಿದಳು.

ಅಲ್ಲಿ ಒಂದು ಮನೆಯ ಚಿತ್ರವಿತ್ತು. ಸೊಟ್ಟ ಗೋಡೆ, ಸೊಟ್ಟ ಬಾಗಿಲು, ಮೇಲೊಂದು ಸೂರ್ಯ. ಅವಳು ಇನ್ನೂ ಶಾಲೆಗೆ ಸೇರದ ವಯಸ್ಸಿನಲ್ಲಿ ಅಪ್ಪನ ಗಾಜು ಕತ್ತರಿಸುವ ಕಟರ್ ಕದ್ದು ಗೀಚಿದ್ದು. ಹಿಂದಿನ ಸೀಟಿನ ಅರ್ಧ ಕಿತ್ತು ಗಾಜು ನಿಲ್ಲಿಸಲು ಮರದ ಗೂಡು ಮಾಡಿದ್ದರು. ಉಳಿದ ಅರ್ಧ ಸೀಟೇ ಅವಳ ಬಾಲ್ಯ. ಗಾಜಿನ ಪಕ್ಕ ಕೂತು, ಗಾಜಿನಲ್ಲಿ ಕಾಣುವ ಇನ್ನೊಬ್ಬ ಹುಡುಗಿಯ ಜೊತೆ ಮಾತಾಡುತ್ತಾ, ಅಮ್ಮ ಕಟ್ಟಿಕೊಟ್ಟ ಬ್ರೆಡ್ಡು ತಿನ್ನುತ್ತಾ ಊರೆಲ್ಲ ತಿರುಗಿದ್ದಳು. ಚಿತ್ರ ಕಂಡ ದಿನ ಅವನು ಕೂಗಿದ ಕೂಗಿಗೆ ಎದುರು ಮನೆಯ ಬೆಕ್ಕು ಮೂರು ದಿನ ಮನೆ ಸೇರಲಿಲ್ಲ ಎಂದು ಹೆಂಡತಿ ಇಂದಿಗೂ ಹೇಳುತ್ತಾಳೆ. ಕಿಟಕಿಯನ್ನು ಮಾತ್ರ ಅವನು ಬದಲಾಯಿಸಲೇ ಇಲ್ಲ. ಗಾಜಿನಂಗಡಿಯವನಿಗೆ ಒಂದು ಕಿಟಕಿ ದೊಡ್ಡ ಮಾತೇ?

"ಅಪ್ಪಾ, ಏನು ಮಾಡ್ತೀಯ?"

"ಗುಜರಿಗೆ ಹಾಕ್ತೀನಿ. ಇನ್ನೇನು ಮಾಡ್ಲಿ, ಪೂಜೆ ಮಾಡ್ಲಾ?"

ಹೆಂಡತಿ ಹೊಸಿಲ ಮೇಲೆ ನಿಂತಿದ್ದಳು. "ರಿಪೇರಿ ಮಾಡೋರು ಇದ್ದಾರೆ," ಎಂದಳು.

"ಯಾರೂ ಇಲ್ಲ."

"ಇದ್ದಾರೆ. ಹೆಸರು ಹೇಳಿದ್ರೆ ನೀವು ಚಪ್ಪಲಿ ಹಾಕ್ಕೊಂಡು ಹೊರಗೆ ಹೋಗ್ತೀರ."

ಅವನು ಚಪ್ಪಲಿ ಹಾಕಿಕೊಂಡು ಹೊರಗೆ ಹೋದ.

ಮರುದಿನ ಗುಜರಿಯವನು ಬಂದ. ಒಳ್ಳೆಯ ಮನುಷ್ಯನೇ. ಆದರೆ ಅವನು ಕಾರನ್ನು ನೋಡಲಿಲ್ಲ, ತಗಡನ್ನು ನೋಡಿದ. ಗೆಣ್ಣಿನಿಂದ ಬಾಗಿಲು ಕುಟ್ಟಿದ, ಬಗ್ಗಿ ಅಡಿ ನೋಡಿದ, ಬೂಟಿನ ತುದಿಯಿಂದ ಚಕ್ರಕ್ಕೆ ಒಂದು ಒದೆ ಕೊಟ್ಟ.

"ಒದೀಬೇಡ," ಎಂದ ಗಾಜಿನವನು.

"ಹೇಗೂ ಒಡೆಯೋದೇ ಅಲ್ವಾ ಯಜಮಾನ್ರೇ. ಗಾಜು ಗೀಜು ಏನೂ ಬರಲ್ಲ, ಅದನ್ನ ಮೊದಲು ಸುತ್ತಿಗೇಲಿ ಪುಡಿ ಮಾಡ್ತೀವಿ," ಎಂದು ಮನೆಯ ಚಿತ್ರವಿದ್ದ ಕಿಟಕಿಗೆ ಬೆರಳಿನಿಂದ ಟಕ್ ಎಂದು ಬಡಿದ.

ಗುಜರಿಯವನು ಎಷ್ಟು ಬೇಗ ಬೀದಿ ತುದಿ ಮುಟ್ಟಿದನೆಂದರೆ ತನ್ನ ಟೋಪಿ ಬಿಟ್ಟು ಹೋಗಿದ್ದ. ಹೆಂಡತಿ ಅದನ್ನು ಕೊಟ್ಟು ಕಳಿಸಿದಳು.

ಆ ಮಧ್ಯಾಹ್ನ ಅವನು ಚಾಲಕನ ಸೀಟಿನಲ್ಲಿ ಸುಮ್ಮನೆ ಕೂತ. ಕಾರು ಅಂದರೆ ಕಾರಲ್ಲ ಅದು. ಮದುವೆಯಾದ ಹೊಸತರಲ್ಲಿ ಅವನು ಗಾಜನ್ನು ಕೈಗಾಡಿಯಲ್ಲಿ ತಳ್ಳುತ್ತಿದ್ದ. ಅದನ್ನು ಕಂಡ ಭಾವ, ಅಂದರೆ ಹೆಂಡತಿಯ ಆ ಅಣ್ಣ, ಅಪಘಾತದಲ್ಲಿ ಮೂತಿ ಹೋದ ಒಂದು ಕಾರು, ಹಿಂಭಾಗ ಹೋದ ಇನ್ನೊಂದು ಕಾರು, ಎರಡನ್ನೂ ತಂದು ಒಂದು ಮಾಡಿದ್ದ. ಮಳೆಗಾಲ ಪೂರ್ತಿ ಇಬ್ಬರೂ ಗ್ಯಾರೇಜಿನಲ್ಲಿ ಕೂತು ಕೆಲಸ ಮಾಡಿದ್ದರು. ಇವನು ನಟ್ಟು ತಿರುಗಿಸುವ ಪಾನ ಎತ್ತಿಕೊಡುವುದು, ಭಾವ ಬೈಯುವುದು. ಸಂಜೆ ಗ್ಯಾರೇಜಿನ ಹಿಂದಿನ ಮನೆಯಿಂದ ಭಾವನ ಹೆಂಡತಿ ಚಹಾ ತರುತ್ತಿದ್ದಳು. ಇವನು ಅವಳನ್ನು ಅಕ್ಕ ಎನ್ನುತ್ತಿದ್ದ. ಸ್ವಂತ ಅಕ್ಕ ಇಲ್ಲದವನಿಗೆ ಅವಳೇ ಅಕ್ಕ.

ಎಂಜಿನ್ ಮೊದಲ ಸಲ ಹೊತ್ತಿಕೊಂಡ ದಿನ ಭಾವ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗಿಟ್ಟು, ಹಿಡಿಯನ್ನು ಕಿವಿಗಿಟ್ಟುಕೊಂಡು, ಕಣ್ಣು ಮುಚ್ಚಿ ಕೇಳಿದ. ಮಗುವಿನ ಎದೆಗೆ ಕಿವಿ ಇಟ್ಟು ಕೇಳುವ ಹಾಗೆ. "ಹೋಗು, ತಗೊಂಡು ಹೋಗು," ಎಂದ.

"ಭಾವ, ನಿಮಗೆ ಏನು ಕೊಡ್ಲಿ?"

"ನನಗೇನೂ ಬೇಡ. ಇವಳನ್ನ ಕೇಳು."

ಅಕ್ಕ ನಾಚಿಕೊಂಡೇ ಹೇಳಿದ್ದಳು. "ನಮ್ಮನೇಲಿ ಇರೋ ಕನ್ನಡೀಲಿ ಮುಖ ಕಂಡ್ರೆ ಕತ್ತು ಕಾಣಲ್ಲ, ಕತ್ತು ಕಂಡ್ರೆ ಮುಖ ಕಾಣಲ್ಲ. ತಲೆಯಿಂದ ಕಾಲಿನ ತನಕ ನಾನು ಹೇಗಿದ್ದೀನಿ ಅಂತ ನನಗೇ ಗೊತ್ತಿಲ್ಲ ಕಣಪ್ಪಾ. ಒಂದು ದೊಡ್ಡ ಕನ್ನಡಿ ಮಾಡಿಕೊಡು."

"ಬರೋ ವಾರ ತರ್ತೀನಿ," ಎಂದಿದ್ದ. ಅವಳು ಅವತ್ತೇ ಮಂಚದ ಎದುರಿನ ಗೋಡೆಯನ್ನು ಖಾಲಿ ಮಾಡಿಟ್ಟಳು.

ಮೊದಲ ಕನ್ನಡಿ ತಯಾರಾದಾಗ ದರ್ಜಿಯೊಬ್ಬ ಅವಸರದಲ್ಲಿ ಬಂದು, ನಾಳೆಯೇ ಅಂಗಡಿ ತೆರೆಯಬೇಕು ಎಂದು ಕೈ ಮುಗಿದು, ಅದನ್ನೇ ಹೊತ್ತುಕೊಂಡು ಹೋದ. ಮನೆಯವರಿಗೆ ಕಾಯಲು ಹೇಳಬಹುದು, ಗಿರಾಕಿಗೆ ಹೇಳಲಾಗುವುದಿಲ್ಲ. ಅಂಗಡಿ ನಡೆಸುವವರೆಲ್ಲ ಮಾಡುವ ತಪ್ಪು. ವಾರ ತಿಂಗಳಾಯಿತು, ತಿಂಗಳು ವರ್ಷಗಳಾದವು. ಅಕ್ಕ ಕಂಡಾಗಲೆಲ್ಲ, "ನಿನ್ನ ಕನ್ನಡಿ ಅಂದ್ರೆ ಕನ್ನಡಿಯೊಳಗಿನ ಗಂಟು," ಎಂದು ನಗುತ್ತಿದ್ದಳು.

ಎರಡನೆಯ ಕನ್ನಡಿಯನ್ನು ಅವನು ನಿಜವಾಗಿಯೂ ಒಯ್ದ. ಅಂಚು ತಾನೇ ಉಜ್ಜಿ ನಯ ಮಾಡಿ, ಕಾರಿನ ಗೂಡಿನಲ್ಲಿ ನಿಲ್ಲಿಸಿಕೊಂಡು ಗ್ಯಾರೇಜಿಗೆ ಹೋದ. ಅಕ್ಕ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಿದ್ದಳು. ಅಷ್ಟರಲ್ಲಿ ಭಾವ, ಹೇಗೂ ಬಂದಿದ್ದೀಯ, ಎಂಜಿನ್ ನೋಡೋಣ ಎಂದು ಬಾನೆಟ್ ಎತ್ತಿದ. ಕಂಬಳಿ ಕಂಡ. ಪರಪರನೆ ಕಿತ್ತ.

"ಕಾರಿನ ಬಾಯಿಗೆ ಬಟ್ಟೆ ತುರುಕಿದ್ದೀಯಲ್ಲಯ್ಯಾ! ಅದು ನೋವಾದ್ರೆ ಹೇಗೆ ಹೇಳ್ಬೇಕು?"

"ನನ್ನ ಕಾರು, ನನ್ನ ಗಾಜು. ನಿಮಗೇನು ಗೊತ್ತು ಗಾಜಿನ ಕಷ್ಟ?"

ಮಾತಿಗೆ ಮಾತು ಬೆಳೆಯಿತು. ಆಗಲೇ ಬಂದದ್ದು ಆ ಬಾಯಿ ಕಿವಿಯ ಮಾತು, ಆ ಗಿರಾಕಿಯ ನಗು. ಇವನು ಕಾರು ಹತ್ತಿ ಧಡಾರ್ ಎಂದು ಬಾಗಿಲು ಎಳೆದುಕೊಂಡ. ಹಿಂದೆ ಒಂದು ಸದ್ದಾಯಿತು. ಆ ಸದ್ದು ಇವನಿಗೆ ಚೆನ್ನಾಗಿ ಗೊತ್ತಿದ್ದ ಸದ್ದು. ಕನ್ನಡಿಯ ಚೂರುಗಳನ್ನು ಹಾಗೇ ಹೊತ್ತುಕೊಂಡು ಹೊರಟುಬಂದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅವತ್ತು ಎರಡೂ ಒಟ್ಟಿಗೇ ಹೋದವು. ಅಕ್ಕ ಬಾಗಿಲಲ್ಲಿ ನಿಂತೇ ಇದ್ದಳು.

ಮುಂದೆ ಅಕ್ಕ ತೀರಿಕೊಂಡಾಗ ಹೆಂಡತಿ ಮಗಳ ಜೊತೆ ಹೋದವನು ಗೇಟಿನ ಹತ್ತಿರವೇ ನಿಂತು ವಾಪಸ್ ಬಂದ. ಭಾವ ಆ ಕಡೆ ನೋಡಲಿಲ್ಲ, ಇವನು ಈ ಕಡೆ ಮಾತಾಡಿಸಲಿಲ್ಲ.

ಈಗ ಕಾರು ರಿಪೇರಿ ಆಗಬೇಕೆಂದರೆ ಆ ಬಾಗಿಲಿಗೇ ಹೋಗಬೇಕು. ಎರಡು ಕಾರುಗಳ ಮೈ ಸೇರಿಸಿ ಮಾಡಿದ್ದಕ್ಕೆ ಬೇರೆ ಯಾರೂ ಕೈ ಹಾಕುವುದಿಲ್ಲ. ಗುಜರಿಗೆ ಹಾಕಿದರೆ ಯಾರ ಮನೆಗೂ ಹೋಗಬೇಕಿಲ್ಲ. ಆದರೆ ಆ ಮನೆಗೂ ಈ ಮನೆಗೂ ನಡುವೆ ಉಳಿದಿದ್ದ ಒಂದೇ ಒಂದು ವಸ್ತು ಸುತ್ತಿಗೆಗೆ ಬೀಳುತ್ತದೆ. ಇದು ತಗಡಿನ ಲೆಕ್ಕವಲ್ಲ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಇನ್ನೂ ಸಿಟ್ಟು ಬಂತು.

"ಸಿಟ್ಟಲ್ಲಿ ಕೊಯ್ದ ಮೂಗು ಸಿಟ್ಟಿಳಿದ ಮೇಲೆ ಬರಲ್ಲ," ಎಂದಳು ಹೆಂಡತಿ, ಕಾರಿನ ಕಿಟಕಿಯೊಳಗೆ ಚಹಾ ಲೋಟ ಚಾಚುತ್ತಾ. "ಹೋದ್ರೆ ಹೋಗಿ. ಹೋಗದಿದ್ರೆ ಆ ಗುಜರಿಯವನನ್ನ ನಾನೇ ಕರೀತೀನಿ. ದಾರೀಲಿ ನಿಂತ ಹೆಣ ನೋಡ್ಕೊಂಡು ನನಗೆ ಅಡಿಗೆ ಮಾಡೋಕಾಗಲ್ಲ."

ಹೋದ. ಬಾಡಿಗೆ ಲಾರಿಯ ಹಿಂದೆ ಕಾರು ಕಟ್ಟಿಕೊಂಡು, ಸ್ಟೇರಿಂಗ್ ಹಿಡಿದು, ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತಾ ಹೋದ.

ಗ್ಯಾರೇಜ್ ಚಿಕ್ಕದಾಗಿ ಕಂಡಿತು. ಒಳಗೆ ಒಂದೂ ಕಾರಿರಲಿಲ್ಲ. ಎರಡು ಸೈಕಲ್ಲು, ಒಂದು ಟೈರು. ಭಾವ ಸ್ಟೂಲಿನ ಮೇಲೆ ಕೂತು ಟ್ಯೂಬಿಗೆ ತೇಪೆ ಹಾಕುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು.

"ಭಾವ," ಎಂದ.

ಭಾವ ತಲೆ ಎತ್ತಲಿಲ್ಲ. ಬಂದವನ ಮುಖ ಕೂಡ ನೋಡದಷ್ಟು ಸೊಕ್ಕೇ!

"ಭಾವಾ! ಮನೆ ಬಾಗಿಲಿಗೆ ಬಂದೋರನ್ನ ಮಾತಾಡ್ಸಕ್ಕಾಗಲ್ವಾ ನಿಮಗೆ?" ಎಂದು ಬೀದಿ ಕೇಳುವಂತೆ ಕಿರುಚಿದ.

ಭಾವ ತಿರುಗಿದ. ಕಣ್ಣು ಕಿರಿದು ಮಾಡಿ ನೋಡಿದ. ಮುಖ ಅರಳಿತು.

"ಅಬ್ಬಾ! ನನಗೆ ಕೇಳೋ ಹಾಗೆ ಮಾತಾಡೋನು ಇಷ್ಟು ವರ್ಷಕ್ಕೆ ಒಬ್ಬ ಬಂದ ನೋಡು. ಉಳಿದೋರೆಲ್ಲ ಗುಸುಗುಸು ಅಂತಾರೆ."

ಆಗ ತಿಳಿಯಿತು. ವರ್ಷಗಟ್ಟಲೆ ಎಂಜಿನ್ನಿನ ಅಬ್ಬರ, ತಗಡು ಬಡಿಯುವ ಸುತ್ತಿಗೆ. ಭಾವನ ಕಿವಿ ಎರಡೂ ಹೋಗಿದ್ದವು. ಹೆಂಡತಿ ಇದನ್ನು ಎಷ್ಟೋ ಸಲ ಹೇಳಲು ಬಂದಿರಬೇಕು. ಅವಳು 'ನಮ್ಮಣ್ಣ' ಎಂದು ಬಾಯಿ ತೆರೆದಾಗಲೆಲ್ಲ ಇವನು ಚಪ್ಪಲಿ ಹಾಕಿಕೊಂಡಿದ್ದ.

ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. ಕೈಯಿಂದ ಕಾರು ತೋರಿಸಿದ. ಭಾವ ಬಂದು ಬಾನೆಟ್ ಎತ್ತಿದ. ಇವನು ಮತ್ತೆ ಅಂಟಿಸಿದ್ದ ಕಂಬಳಿ. ಇವನು ಬೈಗುಳಕ್ಕೆ ಕಾದು ನಿಂತ. ಭಾವ ಬೈಯಲಿಲ್ಲ. ಒಂದೊಂದೇ ತುಂಡನ್ನು ಮೆಲ್ಲಗೆ ಬಿಡಿಸಿ, ಕೊಡವಿ, ಮಡಚಿ ಪಕ್ಕಕ್ಕಿಟ್ಟ. ಅದು ಇವನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ತುಂಬ ಹೊತ್ತು ಕೈಯಾಡಿಸಿ ಭಾವ ಹೇಳಿದ. "ಎಂಜಿನ್ ಇಳಿಸ್ಬೇಕು, ಒಳಗಿಂದೆಲ್ಲ ಹೊಸದು ಹಾಕ್ಬೇಕು. ಬುದ್ಧಿ ಇದ್ದೋನು ಗುಜರಿಗೆ ಹಾಕ್ತಾನೆ."

"ನನಗೆ ಬುದ್ಧಿ ಇಲ್ಲ ಅಂತ ನೀವೇ ಹೇಳಿದ್ರಲ್ಲ!"

"ಬುದ್ಧಿ ಅಲ್ಲ, ಕಿವಿ ಇಲ್ಲ ಅಂದಿದ್ದೆ."

ನೆನಪಿತ್ತು ಹಾಗಾದರೆ. ಇವನೊಬ್ಬನೇ ಹೊತ್ತು ತಿರುಗಿದ್ದಲ್ಲ.

"ಕೈ ಇನ್ನೂ ನೆಟ್ಟಗಿದೆ," ಎಂದ ಭಾವ, ಎರಡೂ ಅಂಗೈ ಬಿಡಿಸಿ ತೋರಿಸುತ್ತಾ. "ಬಿಚ್ತೀನಿ, ಕಟ್ತೀನಿ. ಆದ್ರೆ ಕಟ್ಟಿದ ಮೇಲೆ ಅದು ಸರಿಯಾಗಿ ಉಸಿರಾಡ್ತಿದೆಯೋ ಇಲ್ವೋ ಅಂತ ನನಗೆ ಕೇಳಲ್ಲ. ಅದಕ್ಕೇ ಎಂಜಿನ್ ಕೆಲಸ ಬಿಟ್ಟುಬಿಟ್ಟೆ. ಕೇಳೋನು ಬೇಕು. ನಿನ್ನ ಕೈಲಾಗುತ್ತಾ?"

ಗಾಜಿನವನು ಕಾರನ್ನು ನೋಡಿದ. ಕಿಟಕಿಯ ಮೇಲಿನ ಸೊಟ್ಟ ಮನೆಯನ್ನು ನೋಡಿದ. ಗ್ಯಾರೇಜಿನ ಹಿಂದಿನ ಬಾಗಿಲನ್ನು ನೋಡಿದ. ಚಹಾ ತರುವವರು ಅಲ್ಲಿ ಯಾರೂ ಇರಲಿಲ್ಲ.

"ಬಿಚ್ಚಿ!" ಎಂದು ಕೂಗಿದ.

ದಿನಾ ಅಂಗಡಿ ಮುಚ್ಚಿದ ಮೇಲೆ ಅವನು ಗ್ಯಾರೇಜಿಗೆ ಹೋದ. ಮತ್ತೆ ಪಾನ ಎತ್ತಿಕೊಡುವುದು, ಬೈಸಿಕೊಳ್ಳುವುದು. ಇಬ್ಬರ ಮಾತುಕತೆ ಬೀದಿಗೆಲ್ಲ ಕೇಳುತ್ತಿತ್ತು. ಜಗಳವೋ ಪ್ರೀತಿಯೋ ತಿಳಿಯದೆ ಪಕ್ಕದವರು ಇಣುಕಿ ಹೋಗುತ್ತಿದ್ದರು. ಚಹಾ ಮಾತ್ರ ಭಾವನೇ ಮಾಡಬೇಕಾಗಿತ್ತು, ಅದು ಕೆಟ್ಟದಾಗಿರುತ್ತಿತ್ತು. ಇಬ್ಬರೂ ಅದನ್ನು ಹೇಳದೆ ಕುಡಿದರು.

ಎಂಜಿನ್ ಹೊತ್ತಿದ ದಿನ ಭಾವ ಆ ಉದ್ದನೆಯ ಸ್ಕ್ರೂಡ್ರೈವರ್ ಇವನ ಕೈಗಿತ್ತ. ಇವನು ತುದಿ ಎಂಜಿನ್ನಿಗಿಟ್ಟು, ಹಿಡಿಯನ್ನು ಕಿವಿಗಿಟ್ಟು, ಕಣ್ಣು ಮುಚ್ಚಿದ. ಮೊದಲು ಗದ್ದಲವೇ ಗದ್ದಲ. ಆಮೇಲೆ ಮೆಲ್ಲಗೆ ಒಂದೊಂದೇ ಬಿಡಿಯಾಗಿ ಕೇಳತೊಡಗಿತು. ಗಾಜಿನ ಮೇಲೆ ಕಟರ್ ಎಳೆದಾಗ ಗೆರೆ ಸರಿಯಿದ್ದರೆ ಒಂದು ಸದ್ದು, ತಪ್ಪಿದರೆ ಇನ್ನೊಂದು ಸದ್ದು. ಜೀವಮಾನವೆಲ್ಲ ಅವನು ಅದನ್ನು ಕೇಳಿಯೇ ಬದುಕಿದ್ದ.

"ಎಡಗಡೆ ಒಂದು ಟಿಕ್ ಟಿಕ್ ಅಂತಿದೆ!"

ಭಾವ ಎಡಗಡೆ ಬಿಚ್ಚಿ ನೋಡಿದ. ಏನೂ ಇರಲಿಲ್ಲ.

"ಅದು ನನ್ನ ಕೈ ಗಡಿಯಾರ ಇರ್ಬೇಕು!"

ಭಾವ ನಕ್ಕ ನಗು ಬೀದಿಗೆ ಕೇಳಿತು. ಇವನು ಗಡಿಯಾರ ಬಿಚ್ಚಿಟ್ಟು ಮತ್ತೆ ಕೇಳಿದ. ಈ ಸಲ ನಿಜವಾದ ತಪ್ಪು ಸಿಕ್ಕಿತು, ಬಲಗಡೆ. ಭಾವ ಬಿಗಿ ಮಾಡಿದ. ಸದ್ದು ಸಮನಾಯಿತು. ಆದರೂ ಆ ಹಳೆಯ ಮಾತನ್ನು ಭಾವ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಇವನೂ ಕೇಳಲಿಲ್ಲ. ಇವನು ಅದನ್ನು ಕ್ಷಮಿಸಿಯೂ ಇಲ್ಲ.

ಮೂರನೆಯ ಕನ್ನಡಿಯನ್ನು ಅವನು ಯಾರಿಗೂ ಹೇಳದೆ ಮಾಡಿದ. ಕಂಬಳಿಯಿಲ್ಲದ ಕಾರಿನಲ್ಲಿ, ಬಾಗಿಲು ಬಡಬಡ, ಗೂಡು ಕಿರಕಿರ ಎನ್ನುತ್ತಿದ್ದರೆ, ಗಾಜು ಯಾವುದು ತಗಡು ಯಾವುದು ಎಂದು ಒಂದೊಂದೇ ಸದ್ದನ್ನು ಗುರುತಿಸುತ್ತಾ, ನಿಧಾನವಾಗಿ ಒಯ್ದ. ಕಾರಿನಿಂದ ಇಳಿಸಿದ ಕಂಬಳಿ ತುಂಡುಗಳನ್ನು ಹೊಲಿದದ್ದೇ ಕನ್ನಡಿಗೆ ಹೊದಿಕೆಯಾಗಿತ್ತು. ಗ್ಯಾರೇಜಿನ ಮುಂದೆ ಇಳಿಸಿ ಕಂಬಳಿ ಸರಿಸಿದ.

ಭಾವ ಅದರೊಳಗೆ ನೋಡಿದ. "ಯಾರಯ್ಯಾ ಈ ಮುದುಕ?" ಎಂದ. ತಲೆಯಿಂದ ಕಾಲಿನ ತನಕ ನೋಡಿಕೊಂಡ. ಆಮೇಲೆ ನಗು ನಿಂತಿತು.

ಇವನು ಒಳಮನೆಯ ಕಡೆ ಕೈ ತೋರಿಸಿದ. ಭಾವ ಮುಂದೆ ಹೋದ. ಮಂಚದ ಎದುರಿನ ಗೋಡೆ ಹಾಗೆಯೇ ಖಾಲಿಯಿತ್ತು. ಸುತ್ತಲೂ ಬಟ್ಟೆಯ ಗೂಟ, ಪೆಟ್ಟಿಗೆ, ಹಳೆಯ ರೇಡಿಯೋ, ಎಲ್ಲ ಒತ್ತೊತ್ತಾಗಿ ಸೇರಿಕೊಂಡಿದ್ದವು. ಆ ಒಂದು ಆಳುದ್ದದ ಜಾಗಕ್ಕೆ ಮಾತ್ರ ಯಾರೂ ಏನೂ ಒರಗಿಸಿರಲಿಲ್ಲ.

"ಬೇಡ," ಎಂದ ಭಾವ. ಅವನಿಗೆ ತನ್ನ ದನಿಯ ಅಳತೆ ತಿಳಿಯುತ್ತಿರಲಿಲ್ಲ, ಜೋರಾಗಿಯೇ ಬಂತು. "ಕೇಳಿದ್ದು ನಾನಲ್ಲ. ಸಾಲ ಅವಳಿಗೆ ಸೇರಿದ್ದು, ನಾನು ಇಸ್ಕೊಳ್ಳೋಕಾಗಲ್ಲ. ತಗೊಂಡು ಹೋಗು."

ಗಾಜಿನವನು ಹೊರಗೆ ಬಂದ. ಕನ್ನಡಿಗೆ ಕಂಬಳಿ ಹೊದಿಸಿ ಮತ್ತೆ ಗೂಡಿನಲ್ಲಿ ನಿಲ್ಲಿಸಿದ. ಬಾಗಿಲನ್ನು ಎರಡೂ ಕೈಯಿಂದ ಹಿಡಿದು, ಸದ್ದಾಗದ ಹಾಗೆ ಹಾಕಿದ.

ಆ ಕನ್ನಡಿ ಈಗ ಅವನ ಅಂಗಡಿಯ ಒಳಗೋಡೆಗೆ ಒರಗಿ ನಿಂತಿದೆ. ಬಂದವರು ಕಂಬಳಿ ಸರಿಸಿ ನೋಡಿ, ಅಂಚಿನ ನಯಕ್ಕೆ ಮರುಳಾಗಿ, ಇದೇ ಬೇಕು ಎನ್ನುತ್ತಾರೆ. ಅವನು ಕಂಬಳಿಯನ್ನು ಮತ್ತೆ ಹೊದಿಸುತ್ತಾನೆ.

"ಅದು ಆಗಲೇ ಬೇರೆಯವರಿಗೆ ಹೋಗಿದೆ," ಎನ್ನುತ್ತಾನೆ. "ಒಯ್ಯೋರು ಬಂದಿಲ್ಲ, ಅಷ್ಟೇ."